ಕೋಟೆ ಮುತ್ತಿಗೆ ದೃಶ್ಯ: ಸದ್ದು ಎಲ್ಲಿ, ಸಂಗೀತ ಎಲ್ಲಿ, ಮೌನ ಎಲ್ಲಿ?

ಏಳುಸುತ್ತು · ಚಿತ್ರದುರ್ಗ

22 ನಿಮಿಷದ ಕಿರುಚಿತ್ರ. ವಿಷಯ 1779ರ ಮುತ್ತಿಗೆ, ಹೈದರಾಲಿಗೆ ದುರ್ಗ ಬಿದ್ದದ್ದು. ಅದರಲ್ಲಿ ಯುದ್ಧದ ದೃಶ್ಯವೇ 6 ನಿಮಿಷ, ನಡುವೆ ಓಬವ್ವನ ಕಿಂಡಿಯ ಪ್ರಸಂಗವೂ ಬರುತ್ತೆ. ಎಡಿಟ್ ಲಾಕ್ ಆಗಿದೆ (ಇನ್ನು ಶಾಟ್ ಬದಲಾಗುವುದಿಲ್ಲ), ಸೆಕೆಂಡಿಗೆ 24 ಫ್ರೇಮ್. ಸದ್ಯಕ್ಕೆ ಆರಂಭದಿಂದ ಕೊನೆಯವರೆಗೂ ದೊಡ್ಡ ಆರ್ಕೆಸ್ಟ್ರಾದ ತಾತ್ಕಾಲಿಕ ಟ್ರ್ಯಾಕ್ ಹಾಸಿದೆ, ಅದರ ಮೇಲೆ ಫಿರಂಗಿ, ಕತ್ತಿ, ಕೂಗು. ಕೇಳಿದರೆ ಎಲ್ಲ ಕಲೆತು ಒಂದೇ ಮುದ್ದೆ. ಜೋರಾಗಿದೆ, ಆದರೆ ಎದೆಗೆ ತಟ್ಟುತ್ತಿಲ್ಲ.

ಮೂರು ಪ್ರಶ್ನೆ. ಸಂಗೀತ ಎಲ್ಲಿ ಬರಬೇಕು, ಎಲ್ಲಿ ಹೋಗಬೇಕು? ಆ ಕಾಲದ ಕೋವಿ, ಫಿರಂಗಿಯ ಸದ್ದು ಹೇಗಿರಬೇಕು? ಕೋಟೆಯೊಳಗಿನ ಅನುರಣನವನ್ನು (ಗೋಡೆ, ಬಂಡೆಗೆ ಬಡಿದು ಮರಳುವ ಸದ್ದು) ಅಲ್ಲೇ ಹೋಗಿ ಹಿಡಿಯುವುದು ಒಳ್ಳೆಯದೋ, ಕಂಪ್ಯೂಟರಿನಲ್ಲೇ ಅದನ್ನು ಸೇರಿಸುವ ಪ್ಲಗಿನ್ ಸಾಕೋ? ಮೊದಲ ಪ್ರದರ್ಶನ ದಾವಣಗೆರೆಯ ಥಿಯೇಟರಿನಲ್ಲಿ 5.1ರಲ್ಲಿ (ಐದು ಚಾನಲ್, ಜೊತೆಗೆ ಸಬ್‌ವೂಫರಿಗೆ ಒಂದು), ಆಮೇಲೆ ಯೂಟ್ಯೂಬ್.


ಮಿಕ್ಸಿಂಗ್ ಮೇಜು · ದಾವಣಗೆರೆ

ಮೊದಲು ಆ ತಾತ್ಕಾಲಿಕ ಟ್ರ್ಯಾಕ್ ಮ್ಯೂಟ್ ಮಾಡ್ರಿ, ಆಮ್ಯಾಲೆ ಬರೀ ಚಿತ್ರ ನೋಡ್ರಿ. ಪ್ರತಿ ಶಾಟಿಗೂ ಒಂದೇ ಪ್ರಶ್ನೆ: ಇಲ್ಲಿ ಕೇಳಿಸಿಕೊಳ್ಳಾಕತ್ತಿರೋ ಕಿವಿ ಯಾರದ್ದು? ಬುರುಜಿನ ಮ್ಯಾಲಿನ ಕಾವಲುಗಾರನದೋ, ಕೆಳಗೆ ಏಣಿ ಹೊತ್ತವನದೋ, ಕಿಂಡಿ ಹತ್ರ ನಿಂತ ಹೆಣ್ಣುಮಗಳದೋ? ಕಿವಿ ಗೊತ್ತಾದ್ರೆ ಮುಕ್ಕಾಲು ಕೆಲಸ ಮುಗೀತು. ಯಾವ ಸದ್ದು ಹತ್ರ, ಯಾವುದು ದೂರ, ಯಾವುದು ಬೇಡವೇ ಬೇಡ ಅನ್ನೋದು ತಾನಾಗೇ ತೀರ್ಮಾನ ಆಗ್ತೈತಿ.

ನಿಮ್ಮ ಮುದ್ದೆಗೆ ಕಾರಣ ಜೋರಲ್ಲ, ಸಮ ಪಾಲು. ಆರ್ಕೆಸ್ಟ್ರಾದ ಹಿತ್ತಾಳೆ ವಾದ್ಯ, ಕತ್ತಿಯ ಲೋಹ, ಜನರ ಕೂಗು ಮೂರೂ 1ರಿಂದ 4 ಕಿಲೋಹರ್ಟ್ಜ್ ಒಳಗೇ ಜಗಳಾಡ್ತಾವ. ನಮ್ಮ ಕಿವಿ ಭಾಳ ಸೂಕ್ಷ್ಮ ಇರೋದೂ ಸುಮಾರು ಅಲ್ಲೇ. ಮೂರಕ್ಕೂ ಜಾಗ ಕೊಟ್ರೆ ಮೂರೂ ಕೇಳ್ಸಂಗಿಲ್ಲ. ಒಂದು ಹೊತ್ತಿಗೆ ಎರಡೇ ಮುಂದಿರ್ಲಿ, ಮೂರನೇದು ಹಿಂದೆ ಸರೀಲಿ. ಕೂಗು ಮುಖ್ಯ ಇರೋ ಕಡೆ ಸಂಗೀತದಾಗ 2ರಿಂದ 4 ಕಿಲೋಹರ್ಟ್ಜ್ 3 ಡೆಸಿಬಲ್ ಇಳಿಸ್ರಿ. ಅಷ್ಟಕ್ಕೇ ಮಾತು ಎದ್ದು ಬರ್ತೈತಿ, ಫೇಡರ್ (ಸದ್ದು ಏರಿಸಿ ಇಳಿಸೋ ಗುಂಡಿ) ಮುಟ್ಟೋದು ಬೇಕಾಗಂಗಿಲ್ಲ.

ಸಂಗೀತದ ವಿಷಯಕ್ಕೆ ಎರಡು ತುದಿ ನೋಡ್ರಿ. ಕುರೊಸಾವಾ ಅವರ 1985ರ 'ರಾನ್' ಚಿತ್ರದಾಗ ಕೋಟೆ ಬೀಳೋ ದೃಶ್ಯ ಐತಿ. ಅಲ್ಲಿ ಯುದ್ಧದ ಸದ್ದೆಲ್ಲ ಪೂರ್ತಿ ತೆಗೆದುಹಾಕ್ಯಾರ, ಟೋರು ತಾಕೆಮಿತ್ಸು ಅವರ ವಾದ್ಯಗೋಷ್ಠಿ ಒಂದೇ. ಬಾಣ, ಬೆಂಕಿ, ಹೆಣ ಕಣ್ಣಿಗೆ ಕಾಣ್ತಾವ, ಕಿವಿಗೆ ಬರೀ ಶೋಕ. ಕೊನೀಗೆ ಒಂದು ಗುಂಡಿನ ಸದ್ದು, ಅಲ್ಲಿಂದ ನಿಜದ ಗದ್ದಲ ನುಗ್ತೈತಿ. ಇನ್ನೊಂದು ತುದಿ 1998ರ 'ಸೇವಿಂಗ್ ಪ್ರೈವೇಟ್ ರಯಾನ್'. ಸಮುದ್ರ ದಂಡೆಗೆ ಇಳಿಯೋ ಅಷ್ಟೂ ಕಾಳಗದಾಗ ಸಂಗೀತ ಇಲ್ಲ, ಗ್ಯಾರಿ ರೈಡ್‌ಸ್ಟ್ರಾಮ್ ಕಟ್ಟಿದ ಸದ್ದಷ್ಟೇ. ಒಂದರಾಗ ಸದ್ದಿಲ್ಲ, ಇನ್ನೊಂದರಾಗ ಸಂಗೀತ ಇಲ್ಲ, ಎರಡೂ ಎದೆ ನಡುಗಿಸ್ತಾವ. ಯಾಕಂದ್ರ ಇಬ್ರೂ ಒಂದನ್ನ ಬಿಟ್ಟುಕೊಟ್ಟಾರ.

ನಿಮ್ಮ 6 ನಿಮಿಷಕ್ಕೆ ನನ್ನ ಸಲಹೆ: ಮೊದಲ ಒಂದೂವರೆ ನಿಮಿಷ ಸಂಗೀತ ಬ್ಯಾಡ. ಕಹಳೆ, ನಗಾರಿ ಕೋಟೆಯೊಳಗಿಂದಲೇ ಬರ್ಲಿ, ಅದು ಪಾತ್ರಗಳಿಗೂ ಕೇಳೋ ಸದ್ದು. ಮುಂದಿನ ಎರಡು ನಿಮಿಷ ಪೂರ್ತಿ ಗದ್ದಲ, ಕೆಳಗೆ ತೀರ ತೆಳ್ಳಗೆ ಒಂದೇ ಶ್ರುತಿ. ಕಿಂಡಿ ಪ್ರಸಂಗಕ್ಕೆ ಅದೂ ನಿಲ್ಲಬೇಕು. ಬಾಗಿಲು ಮುರಿದ ಮ್ಯಾಲೆ ಸಂಗೀತ ಬರ್ಲಿ, ಆಗ ಸದ್ದು ಇಳೀಲಿ.


ಮದ್ದಿನಮನೆ · ಚಿತ್ರದುರ್ಗ

ಎರಡನೇ ಪ್ರಶ್ನೆಗೆ. ದಯವಿಟ್ಟು ಈಗಿನ ರೈಫಲ್ಲಿನ ಸದ್ದು ಹಾಕಬೇಡಿ. ಲೈಬ್ರರಿಯಲ್ಲಿ ಸಿಗುವುದು ಹೆಚ್ಚಿನಂಶ ಈಗಿನ ಹೊಗೆರಹಿತ ಮದ್ದಿನದು, ಚಾಟಿ ಹೊಡೆದ ಹಾಗೆ ಚುರುಕು. ಕರಿಮದ್ದು ನಿಧಾನಕ್ಕೆ ಉರಿಯುತ್ತದೆ, ಹಾಗಾಗಿ ಸದ್ದಿನ ಮೊನೆ ಅಷ್ಟು ಚೂಪಲ್ಲ, ಹೊಟ್ಟೆ ದಪ್ಪ. 'ಟಪ್' ಅಲ್ಲ, 'ಧಪ್' ಅನ್ನಬೇಕು.

ಬತ್ತಿ ಕೋವಿಯಲ್ಲಿ ಒಂದು ಗುಂಡಿಗೆ ಮೂರು ಸದ್ದು. ಉರಿವ ಬತ್ತಿ ಬಟ್ಟಲಿನ ಮದ್ದಿಗೆ ಇಳಿಯುವಾಗ ಸಣ್ಣ 'ಟಕ್', ಬಟ್ಟಲಿನ ಮದ್ದು ಹೊತ್ತುವ 'ಫುಸ್', ಆಮೇಲೆ ನಳಿಗೆಯ ಗುಂಡು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎರಡು ಮೂರು ಫ್ರೇಮ್ ಬಿಡಿ. ಕ್ಲೋಸಪ್‌ನಲ್ಲಿ ಆ ಸಣ್ಣ ತಡವೇ ಪ್ರೇಕ್ಷಕನನ್ನು ಬಿಗಿ ಹಿಡಿಯುತ್ತದೆ. ಐವತ್ತು ಕೋವಿ ಒಟ್ಟಿಗೆ ಹಾರಿದರೂ ಇದೇ ತಡದಿಂದ ಸದ್ದು ಚದುರುತ್ತದೆ, ಒಂದೇ ಏಟಿನ ಹಾಗೆ ಜೋಡಿಸಿದರೆ ಸುಳ್ಳು. 15 ಫ್ರೇಮಿನಷ್ಟು ಹರಡಿ.

ಫಿರಂಗಿಯಲ್ಲಿ ಎಲ್ಲರೂ ಮಾಡುವ ತಪ್ಪು ಬೇರೆ. ಕಬ್ಬಿಣದ ಅಥವಾ ಕಲ್ಲಿನ ಗಟ್ಟಿ ಗುಂಡು ಗೋಡೆಗೆ ಬಡಿದು ಸಿಡಿಯುವುದಿಲ್ಲ. ಬೆಂಕಿಯುಂಡೆ ಇಲ್ಲ, ಎರಡನೇ ಸ್ಫೋಟ ಇಲ್ಲ. ಇರುವುದು ಬಂಡೆ ಸೀಳಿದ 'ಕಟ್', ಚೂರು ಸಿಡಿದು ಉದುರುವುದು, ಗುಂಡು ಉರುಳಿ ಕೆಳಗೆ ಹೋಗುವುದು. ಆ ಉರುಳುವ ಸದ್ದನ್ನು ಬಿಡಬೇಡಿ. ಭಾರ ಎಷ್ಟಿತ್ತು ಎಂದು ಹೇಳುವುದು ಅದೇ.

ದೂರದ ಲೆಕ್ಕ: ನಮ್ಮ ಬಿಸಿಲಿಗೆ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ಅಂದರೆ ಒಂದು ಫ್ರೇಮಿಗೆ 14 ಮೀಟರ್ ಚಿಲ್ಲರೆ. 400 ಮೀಟರ್ ಆಚೆಯ ಫಿರಂಗಿಯ ಹೊಗೆ ಕಂಡ ಮೇಲೆ ಸದ್ದು ಬರುವುದು 28 ಫ್ರೇಮ್ ಕಳೆದು. ವೈಡ್ ಶಾಟ್‌ನಲ್ಲಿ ಹೊಗೆ ಸ್ಪಷ್ಟ ಕಾಣುತ್ತಿದ್ದರೆ ಪೂರ್ತಿ ತಡ ಇಡಿ, ಬಯಲಿನ ಅಗಲ ಕಿವಿಗೇ ಗೊತ್ತಾಗುತ್ತದೆ. ಬೇಗ ಬೇಗ ಕಟ್ ಆಗುವ ಕಡೆ ಅಷ್ಟು ತಡ ಸಿಂಕ್ ತಪ್ಪಿದ ಹಾಗೆ ಕಾಣುತ್ತದೆ, ಮೂರನೇ ಒಂದು ಪಾಲು ಸಾಕು.


ಹೊಸಬ · ಹರಿಹರ

ಗುಂಡು ಕಿವಿ ಪಕ್ಕ ಹಾದುಹೋಗೋ 'ಚಟ್' ಸದ್ದು ಹಾಕಬಹುದಾ?


ಮದ್ದಿನಮನೆ · ಚಿತ್ರದುರ್ಗ

ಆ 'ಚಟ್' ಬರುವುದು ಗುಂಡು ಸದ್ದಿಗಿಂತ ವೇಗವಾಗಿ ಹಾದಾಗ. ಈಗಿನ ರೈಫಲ್ಲಿಗೆ ಸರಿ. ಉರುಟು ಸೀಸದ ಗುಂಡು ಗಾಳಿಯಲ್ಲಿ ಬಹಳ ಬೇಗ ವೇಗ ಕಳೆದುಕೊಳ್ಳುತ್ತದೆ, ದೂರದಿಂದ ಬಂದದ್ದಕ್ಕೆ ಜೀರುಂಡೆಯಂಥ ಒಂದು ಗುಂಯ್ ಅಷ್ಟೇ. 6 ನಿಮಿಷದಲ್ಲಿ ಮೂರು ನಾಲ್ಕು ಸಲ ಸಾಕು, ಅದೂ ಪಾತ್ರ ತಲೆ ತಗ್ಗಿಸುವ ಕಡೆ.


ಮಿಕ್ಸಿಂಗ್ ಮೇಜು · ದಾವಣಗೆರೆ

ಮದ್ದಿನಮನೆ ಹೇಳಿದ 'ಧಪ್' ಸದ್ದಿಗೆ ಕಚ್ಚಾ ಮಾಲು ಎಲ್ಲಿಂದ ಅಂದ್ರ, ಪಟಾಕಿ. ಮೆಕ್ಕೆಜೋಳ ಕಟಾವಾದ ಬಯಲು ಹೊಲ ಸಿಕ್ರ ಛಲೋ. ಗೋಡೆ ಇರಂಗಿಲ್ಲ, ಎಲೆ ಸದ್ದೂ ಇರಂಗಿಲ್ಲ. ಮಾರಾಟದ ಪಟಾಕಿಗೆ 4 ಮೀಟರ್ ದೂರದಾಗ 125 ಡೆಸಿಬಲ್ ಮಿತಿ ಐತಿ, ಆದ್ರೂ ಹತ್ರ ಇಟ್ಟ ಕಂಡೆನ್ಸರ್ ಮೈಕಿನಾಗ (ಇದು ಭಾಳ ಸೂಕ್ಷ್ಮ ಮೈಕು) ಸದ್ದು ಸೀಳ್ತೈತಿ. ಎಷ್ಟು ಜೋರು ಸದ್ದನ್ನೂ ತಾಳೋ 32 ಬಿಟ್ ಫ್ಲೋಟ್ ರೆಕಾರ್ಡರ್ ಐತಿ ಅಂತ ಧೈರ್ಯ ಮಾಡಬ್ಯಾಡ್ರಿ. ಮೈಕಿನ ಕ್ಯಾಪ್ಸೂಲೇ ಸೀಳಿದ್ರ ರೆಕಾರ್ಡರ್ ಏನೂ ಮಾಡಕಾಗಂಗಿಲ್ಲ. 5 ಮೀಟರಿಗೆ ಜೋರು ತಡೆಯೋ ಡೈನಮಿಕ್ ಮೈಕ್ ಒಂದು, 30 ಮೀಟರಿಗೆ ಪ್ಯಾಡ್ (ಮಟ್ಟ ಇಳಿಸೋ ಸ್ವಿಚ್) ಹಾಕಿದ ಕಂಡೆನ್ಸರ್, 150 ಮೀಟರಿಗೆ ಸ್ಟೀರಿಯೋ ಜೋಡಿ. ಮೂರೂ ಒಟ್ಟಿಗೆ ಓಡ್ಲಿ. ರೆಕಾರ್ಡಿಂಗ್ ಸ್ಯಾಂಪಲ್ ದರ 96 ಕಿಲೋಹರ್ಟ್ಜ್ ಇಟ್ಕೊಂಡ್ರ ಅರ್ಧ ವೇಗಕ್ಕೆ ಇಳಿಸಿದಾಗ್ಲೂ ಮ್ಯಾಲಿನ ಸ್ವರ ಉಳೀತೈತಿ. ಪಟಾಕಿ ಒಂದು ಆಕ್ಟೇವ್ (ಅಂದ್ರ ಅರ್ಧ ವೇಗಕ್ಕೆ) ಇಳಿದ್ರ ಕೋವಿ, ಎರಡು ಇಳಿದ್ರ ಫಿರಂಗಿ. ಅದಕ್ಕ ಖಾಲಿ ಕಬ್ಬಿಣದ ಡ್ರಮ್ಮಿನ ಗುದ್ದು, ದಪ್ಪ ಮರದ ಬಾಗಿಲು ಬಡಿದದ್ದು ಕೂಡಿಸ್ರಿ. ಕಿವಿಗೆ ಪ್ಲಗ್ ಹಾಕ್ಕೊಂಡೇ ಮಾಡ್ರಿ, ಹಗಲಲ್ಲೇ ಮಾಡ್ರಿ.


ಉರುಮೆ · ಚಳ್ಳಕೆರೆ

ಕಹಳೆ, ನಗಾರಿ ಪಾತ್ರಗಳಿಗೂ ಕೇಳಬೇಕು ಅನ್ನೋ ಮಾತು ನೂರಕ್ಕೆ ನೂರು ಸರಿ. ಜನ ಹೇಳೋ ಕಥೇಲಿ ಓಬವ್ವನ ಗಂಡ ಕಹಳೆ ಮುದ್ದ ಹನುಮನೇ ಕಹಳೆ ಊದೋ ಕಾವಲುಗಾರ. ಆ ಕಥೇಲಿ ಸದ್ದೇ ಒಂದು ಪಾತ್ರ. ಅವನು ಊಟಕ್ಕೆ ಕೂತಾಗ ಕಹಳೆ ಮೌನ, ಆ ಮೌನದಲ್ಲೇ ಕಿಂಡಿಯಿಂದ ಶತ್ರು ಬರ್ತಾನೆ. ಹಾಗಾಗಿ ಚಿತ್ರದ ಮೊದಲ ಐದು ನಿಮಿಷದಲ್ಲೇ ಕಹಳೆಯನ್ನ ಎರಡು ಸಲ ಕೇಳಿಸಿ. ಪ್ರೇಕ್ಷಕನಿಗೆ ಅದು ಅಭ್ಯಾಸ ಆಗ್ಲಿ. ಮೂರನೇ ಸಲ ಬರಬೇಕಾದ ಹೊತ್ತಲ್ಲಿ ಬರದೇ ಇದ್ರೆ ಯಾವ ಹಿನ್ನೆಲೆ ಸಂಗೀತವೂ ಕೊಡದ ಭಯ ಅದು ಕೊಡುತ್ತೆ.

ಕಹಳೆಗೆ ರಂಧ್ರ ಇಲ್ಲ, ತುಟಿಯ ಬಿಗಿಯಿಂದ ನಾಲ್ಕೈದು ಸ್ವರ ಹೊರಡುತ್ತೆ, ಅಷ್ಟೇ. ಕೀಬೋರ್ಡಿನ ಹಿತ್ತಾಳೆ ಪ್ಯಾಚಲ್ಲಿ ರಾಗ ನುಡಿಸಿ 'ಕಹಳೆ' ಅನ್ನಬೇಡಿ, ಗೊತ್ತಿರೋರಿಗೆ ತಕ್ಷಣ ತಿಳಿಯುತ್ತೆ. ನಿಜವಾದ ವಾದ್ಯ ಇಟ್ಕೊಂಡು ಸಂಗೀತದ ಶ್ರುತಿಯನ್ನೇ ಅದಕ್ಕೆ ಹೊಂದಿಸಿ. ಕಹಳೆಯನ್ನ ಶ್ರುತಿಗೆ ಎಳೆಯೋಕೆ ಹೋದ್ರೆ ಅದರ ಒರಟುತನ ಸಾಯುತ್ತೆ.

ಡೊಳ್ಳಿನ ವಿಷಯದಲ್ಲಿ ಹುಷಾರು. ದೊಡ್ಡ ಡೊಳ್ಳಿನ ಗುಮ್ಮು ಕುಳಿತುಕೊಳ್ಳೋದು ಫಿರಂಗಿಯ ಹೊಟ್ಟೆ ಇರೋ ಜಾಗದಲ್ಲೇ. ಎರಡೂ ಒಟ್ಟಿಗೆ ಬಂದ್ರೆ ಫಿರಂಗಿ ಡೊಳ್ಳಿನ ಇನ್ನೊಂದು ಪೆಟ್ಟಿನ ಹಾಗೆ ಕೇಳುತ್ತೆ. ಎರಡು ದಾರಿ: ಡೊಳ್ಳಲ್ಲಿ 90 ಹರ್ಟ್ಜ್ ಕೆಳಗಿನದನ್ನ ಕತ್ತರಿಸಿ, ಕೋಲಿನ ಪೆಟ್ಟನ್ನ ಮುಂದಿಡಿ. ಇಲ್ಲ, ಫಿರಂಗಿ ಹಾರೋಕೆ 8 ಫ್ರೇಮ್ ಮುಂಚೆ ಡೊಳ್ಳನ್ನ ಪೂರ್ತಿ ನಿಲ್ಲಿಸಿ. ನನಗೆ ಎರಡನೇದೇ ಇಷ್ಟ. ಆ ಖಾಲಿ 8 ಫ್ರೇಮು ಫಿರಂಗಿಯನ್ನ ಇಮ್ಮಡಿ ಮಾಡುತ್ತೆ.

ರೆಕಾರ್ಡಿಂಗ್‌ಗೆ: ಬೆಳಗಿನ ಥಂಡಿಗೆ ಚರ್ಮ ಸಡಿಲ, ಬಿಸಿಲೇರಿದ ಹಾಗೆ ಬಿಗಿ. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ ತೆಗೆದ್ರೆ ಎರಡೂ ಜೋಡೋದಿಲ್ಲ. ಒಂದೇ ಕೂತಲ್ಲಿ ಮುಗಿಸಿ. ಮೇಳದವರು ಹುರುಪಲ್ಲಿ ವೇಗ ಏರಿಸ್ತಾರೆ, ಅದು ಅವರ ಕಲೆಯ ಜೀವ. ಎಲ್ಲರ ಕಿವಿಗೂ ಕ್ಲಿಕ್ (ವೇಗ ಹಿಡಿದಿಡೋ ಟಕ್ ಟಕ್ ತಾಳ) ಹಾಕಬೇಡಿ, ಮುಂದಾಳಿಗೆ ಒಬ್ಬರಿಗೆ ಸಾಕು. ಮೇಳದ ಒಟ್ಟು ಸದ್ದಿಗೆ 3 ಮೀಟರ್ ಎತ್ತರದಲ್ಲಿ ಒಂದು ಜೋಡಿ ಮೈಕ್, ಜೊತೆಗೆ ಒಂದೇ ಡೊಳ್ಳಿಗೆ ಕೋಲಿನ ಬದಿಯಲ್ಲಿ ಒಂದು ಮೈಕ್, ಕೈಯ ಬದಿಯಲ್ಲಿ ಒಂದು. ಕೈಯ ಬದಿಯ ಮೈಕಿನ ಫೇಸ್ ತಿರುಗಿಸಿ (ಸದ್ದಿನ ಅಲೆಯ ಏರು ಇಳಿವು ಅದಲುಬದಲು) ಕೇಳಿ ನೋಡಿ, ಹೆಚ್ಚಿನ ಸಲ ತಿರುಗಿಸಿದಾಗಲೇ ಗುಮ್ಮು ತುಂಬಿ ಬರುತ್ತೆ.


ಜೋಗಿಮಟ್ಟಿ ಗಾಳಿ · ಚಿತ್ರದುರ್ಗ

ಮೂರನೇ ಪ್ರಶ್ನೆಗೆ ನನ್ನ ಉತ್ತರ: ಅಲ್ಲೇ ಹೋಗಿ ಹಿಡಿಯಿರಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಮೊದಲು ಲಿಖಿತ ಅನುಮತಿ ಪಡೆಯಿರಿ. ಪಟಾಕಿಯ ಮಾತೇ ಎತ್ತಬೇಡಿ, ಬಲೂನು ಮತ್ತು ಮರದ ಹಲಗೆಯ ಚಪ್ಪಾಳೆ ಸಾಕು.

ಪ್ಲಗಿನ್ ಬೇಡ ಎನ್ನುವುದಕ್ಕೆ ಕಾರಣ ಇದೆ. 'ಕೋಟೆ' ಎಂದ ಕೂಡಲೇ ಎಲ್ಲರೂ ದೊಡ್ಡ ಹಾಲ್ ರಿವರ್ಬ್ (ಹಾಲಿನ ಅನುರಣನ) ಹಾಕುತ್ತಾರೆ. ದುರ್ಗಕ್ಕೆ ಮೇಲೆ ಚಾವಣಿಯಿಲ್ಲ, ಆಕಾಶ ತೆರೆದಿದೆ. ಅಲ್ಲಿ ಸದ್ದು ತೇಲಿ ಉಳಿಯುವುದಿಲ್ಲ, ಬಂಡೆಗೆ ಬಡಿದು ಒಂದೊಂದೇ ಹಿಂತಿರುಗುತ್ತದೆ. ಎದುರಿನ ಬಂಡೆ 100 ಮೀಟರ್ ದೂರವಿದ್ದರೆ ಪ್ರತಿಧ್ವನಿ 14 ಫ್ರೇಮಿಗೆ, ಇನ್ನೊಂದು ಗುಡ್ಡ ಆಚೆಗಿದ್ದರೆ ಅದರದ್ದು ಇನ್ನೂ ತಡವಾಗಿ, ಮಂಕಾಗಿ. ಬಾಗಿಲುಗಳ ನಡುವಿನ ತಿರುವು ಹಾದಿಯಲ್ಲಿ ಮಾತ್ರ ಎರಡು ಕಡೆಯ ಗೋಡೆಯಿಂದ ಪಟಪಟ ಅನ್ನುವ ಕಂಪನ ಸಿಗುತ್ತದೆ. ಓಬವ್ವನ ಕಿಂಡಿಯಲ್ಲಿ ಬೇರೆಯೇ ಲೋಕ. ಒಬ್ಬ ನುಸುಳುವಷ್ಟು ಇಕ್ಕಟ್ಟು, ಕಲ್ಲು ಮೈಗೆ ತಾಗಿಯೇ ಇದೆ. ಮೊದಲ ಪ್ರತಿಫಲನ ಕೆಲವೇ ಮಿಲಿಸೆಕೆಂಡಿಗೆ ಬಂದುಬಿಡುತ್ತದೆ, ಬಾಲ ಇಲ್ಲವೇ ಇಲ್ಲ ಅನ್ನಬಹುದು. ಈ ಮೂರೂ ಜಾಗದ ವ್ಯತ್ಯಾಸ ಇಟ್ಟುಕೊಂಡರೆ ಕಣ್ಣು ಮುಚ್ಚಿದರೂ ಎಲ್ಲಿದ್ದೇವೆ ಎಂದು ತಿಳಿಯುತ್ತದೆ.

ವಿಧಾನ: ಬಲೂನು ಒಡೆದಾಗ ಆ ಜಾಗ ಕೊಡುವ ಉತ್ತರವನ್ನು ಹಿಡಿದು, ಆಮೇಲೆ ಅದನ್ನೇ ನಿಮ್ಮ ಸದ್ದುಗಳಿಗೆ ಹಚ್ಚುವುದು. 40 ಸೆಂಟಿಮೀಟರ್ ಊದಿದ ಬಲೂನು, ಎಲ್ಲ ಒಂದೇ ಅಳತೆ. ಓಮ್ನಿ ಮೈಕ್ (ಎಲ್ಲ ದಿಕ್ಕಿನಿಂದ ಹಿಡಿಯುವುದು) 1.5 ಮೀಟರ್ ಎತ್ತರ, ತುಪ್ಪಳದ ಗಾಳಿಗವುಸು ಹಾಕಿ. ಶಿಖರ ಮಟ್ಟ ಮೈನಸ್ 12 ಡೆಸಿಬಲ್ ದಾಟದಂತೆ ಮೊದಲೇ ಒಂದು ಒಡೆದು ನೋಡಿ. ಪ್ರತಿ ಜಾಗಕ್ಕೆ ನಾಲ್ಕು, ಒಂದೊಂದರ ನಂತರ 10 ಸೆಕೆಂಡ್ ಯಾರೂ ಅಲುಗಾಡಬಾರದು. ಬಲೂನಿಗೆ ಕೆಳಗಿನ ಸ್ವರ ಕಡಿಮೆ. 100 ಹರ್ಟ್ಜ್ ಕೆಳಗೆ ಬರುವ ಉತ್ತರ ನಂಬಬೇಡಿ, ಅಲ್ಲಿ ಕತ್ತರಿಸಿ ಫಿರಂಗಿಯ ಬಾಲವನ್ನು ಬೇರೆಯಾಗಿ ಕಟ್ಟಿ. ಒಡೆದ ಚೂರು ಒಂದನ್ನೂ ಅಲ್ಲಿ ಬಿಡಬೇಡಿ.

ಕೆಡಿಸುವುದು ಎರಡು: ಗಾಳಿ ಮತ್ತು ಹೆದ್ದಾರಿಯ ಗುಂಯ್. ಮೇಲಿನ ಬುರುಜುಗಳಲ್ಲಿ ಎರಡೂ ಬರುತ್ತವೆ, ಕಣಿವೆಯ ಒಳಗೆ ಹೊಂಡಗಳ ಹತ್ತಿರ ಬಹಳ ಕಡಿಮೆ. ಬೆಳಗಿನ ಮೊದಲ ಗಂಟೆಯಲ್ಲೇ, ಪ್ರವಾಸಿಗರು ಬರುವ ಮುಂಚೆ ಮುಗಿಸಿ. ಹಾಗೆಯೇ ಎರಡು ನಿಮಿಷ ಬರೀ ನೆಲೆಯ ಸದ್ದನ್ನೂ ತೆಗೆದಿಟ್ಟುಕೊಳ್ಳಿ, ಹೊಂಡದ ನೀರು, ಬಂಡೆ ಸಂದಿನ ಗಾಳಿ. ಮೌನದ ಕೆಳಗೆ ಹಾಸುವುದಕ್ಕೆ ಅದೇ ಬೇಕು. ಪೂರ್ತಿ ಸೊನ್ನೆ ಇಟ್ಟರೆ ಥಿಯೇಟರಿನಲ್ಲಿ ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ.


ಒನಕೆ ಫೋಲಿ · ಹೊಳಲ್ಕೆರೆ

ಕಿಂಡಿ ಪ್ರಸಂಗದ ಬಗ್ಗೆ ಮಾತ್ರ ಬರೆಯುತ್ತೇನೆ, ಇಡೀ ಚಿತ್ರ ನಿಲ್ಲುವುದು ಅದರ ಮೇಲೆ. 1972ರ 'ನಾಗರಹಾವು' ಚಿತ್ರದಲ್ಲಿ ಓಬವ್ವನ ಪ್ರಸಂಗ ಹಾಡಾಗಿಯೇ ಬರುತ್ತದೆ. ವಿಜಯಭಾಸ್ಕರ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ, ಕಥೆ ಹೇಳುವುದು ಹಾಡು. ನಮ್ಮ ಜನರ ಕಿವಿಯಲ್ಲಿ ಅದು ಕೂತುಬಿಟ್ಟಿದೆ. ಅದರ ಪಕ್ಕ ಇನ್ನೊಂದು ಹಾಡು ಇಟ್ಟು ಗೆಲ್ಲಲಾಗುವುದಿಲ್ಲ. ಸಂಗೀತವೇ ಇಲ್ಲದೆ ಮಾಡಿ.

ಈ ದೃಶ್ಯದ ತರ್ಕ ಇಷ್ಟು: ಅವಳ ಒಂದು ಏಟಿನ ಸದ್ದೂ ಕಿಂಡಿಯ ಆಚೆ ಕಾದವನಿಗೆ ಏಟು ಎಂದು ಗೊತ್ತಾಗಬಾರದು. ಹಾಗಾಗಿ ಏಟು ಜೋರಾಗಿರಬಾರದು, ಭಾರವಾಗಿರಬೇಕು. 'ಫಟ್' ಎಂದು ಚುರುಕಾಗಿ ಹಾಕಿದರೆ ಕಥೆಯೇ ಸುಳ್ಳಾಗುತ್ತದೆ.

ಏಟಿಗೆ ನಾಲ್ಕು ಪದರ. ಒಂದು, ನಾರಿನ ಸಮೇತ ತೆಂಗಿನಕಾಯಿಯನ್ನು ಒದ್ದೆ ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ, ಮರಳಿನ ಚೀಲದ ಮೇಲಿಟ್ಟು ನಿಜವಾದ ಒನಕೆಯಿಂದ ಹೊಡೆದದ್ದು. ಒನಕೆಯ ತುದಿಯ ಕಬ್ಬಿಣದ ಬಳೆಗೆ ಬಟ್ಟೆ ಕಟ್ಟಿ, ಇಲ್ಲವಾದರೆ ಲೋಹ ಕಿಣಿ ಅನ್ನುತ್ತದೆ. ಎರಡು, ಬಲಿತ ಬೂದುಗುಂಬಳಕ್ಕೆ ಅದೇ ಏಟು, ಒಳಗಿನ ಟೊಳ್ಳಿಗಾಗಿ. ಮೂರು, ಕಬ್ಬಿನ ಜಲ್ಲೆಯನ್ನು ಬಟ್ಟೆಯೊಳಗೆ ಮುರಿದದ್ದು, ಉಳಿದವಕ್ಕಿಂತ 10 ಡೆಸಿಬಲ್ ಕೆಳಗೆ, ಕೇಳಿಯೂ ಕೇಳದ ಹಾಗೆ. ನಾಲ್ಕು, ಅವಳು ಏಟಿಗೆ ಮುಂಚೆ ಹಿಡಿದ ಉಸಿರು. ಹೆಚ್ಚು ಕೆಲಸ ಮಾಡುವುದು ಈ ನಾಲ್ಕನೆಯದೇ.

ಆಮೇಲೆ ದೇಹ ಎಳೆಯುವುದು. 25 ಕೆಜಿ ಮೆಕ್ಕೆಜೋಳದ ಚೀಲಕ್ಕೆ ಹತ್ತಿ ಪಂಚೆ ಸುತ್ತಿ ಒರಟು ಕಲ್ಲಿನ ಮೇಲೆ ಎಳೆಯಿರಿ. ಚೀಲದೊಳಗೆ ಕಾಳು ಸರಿದಾಡುವ ಸದ್ದು ಬಂದರೆ ಚೀಲವನ್ನು ಇನ್ನೂ ಬಿಗಿಯಾಗಿ ಕಟ್ಟಿ. ತೆವಳಿ ಬರುವವನಿಗೆ ಚರ್ಮದ ಪಟ್ಟಿ, ಸೊಂಟದ ಕತ್ತಿಯ ಹಿಡಿ ಕಲ್ಲಿಗೆ ಉಜ್ಜುವುದು, ಮೂಗಿನ ಉಸಿರು. ಕತ್ತಿಯನ್ನು ಚರ್ಮದ ಒರೆಯಿಂದ ಎಳೆದರೆ 'ಶ್ರಿಂಗ್' ಬರುವುದಿಲ್ಲ, ಒಣ ಉಜ್ಜು ಅಷ್ಟೇ.

ಎಲ್ಲ ಏಟೂ ಒಂದೇ ಥರ ಇರಬಾರದು. ಮೊದಲನೆಯದನ್ನು ಅವಳ ಕಿವಿಯಿಂದ, ಪೂರ್ತಿ ಪದರಗಳೊಂದಿಗೆ. ಎರಡನೆಯದು ಇನ್ನೂ ಹತ್ತಿರ. ಮೂರನೆಯದನ್ನು ಕಿಂಡಿಯ ಹೊರಗೆ ಸರದಿ ಕಾದವನ ಕಿವಿಯಿಂದ ಕೇಳಿಸಿ: 300 ಹರ್ಟ್ಜ್ ಮೇಲಿನದೆಲ್ಲ ಕತ್ತರಿಸಿ, ಕಲ್ಲಿನೊಳಗಿನ ಒಂದು ಮಂಕು ಗುದ್ದು. ಅವನಿಗೆ ಅದು ಏನೂ ಅಲ್ಲ, ನಮಗೆ ಎಲ್ಲವೂ. ಅಲ್ಲಿಂದ ಮುಂದಕ್ಕೆ ಏಟಿಗಿಂತ ಅವಳ ಉಸಿರು ಮುಂದೆ ಬರಲಿ, ದಣಿವು ಕೇಳಿಸಲಿ.


ರಾಗಪ್ರಿಯ · ದಾವಣಗೆರೆ

ಒಂದು ಮಾತು ಒಪ್ಪಲಾರೆ. ಎಲ್ಲ ಕಡೆ ಸಂಗೀತ ತೆಗೆಯಿರಿ ಅನ್ನುವುದೇ ಈಗ ಅಭ್ಯಾಸವಾಗಿದೆ. ನಮ್ಮ ಬಯಲಾಟದಲ್ಲಿ, ವೀರಗಾಸೆಯಲ್ಲಿ ವಾದ್ಯವಿಲ್ಲದ ಯುದ್ಧವಿಲ್ಲ. ತಾಳವೇ ಕತ್ತಿ, ತಾಳವೇ ಕುದುರೆ. ಹಾಗಾಗಿ ಸಂಗೀತ ಬಿಡುವುದಲ್ಲ, ಅದರ ಗಾತ್ರ ಇಳಿಸುವುದು ಮುಖ್ಯ. 2022ರ 'ಆಲ್ ಕ್ವಯೆಟ್ ಆನ್ ದ ವೆಸ್ಟರ್ನ್ ಫ್ರಂಟ್' ಚಿತ್ರಕ್ಕೆ ಫೋಲ್ಕರ್ ಬರ್ಟೆಲ್‌ಮನ್ ಬಳಸಿದ್ದು ಹಳೆಯ ಹಾರ್ಮೋನಿಯಂ, ಅದರಲ್ಲಿ ಮೂರೇ ಸ್ವರದ ಒಂದು ಗರ್ಜನೆ. ಆಸ್ಕರ್ ಬಂತು. ಹಾರ್ಮೋನಿಯಂ ನಮ್ಮ ಪ್ರತಿ ಭಜನೆ ಮನೆಯಲ್ಲೂ ಇದೆ. ಕೆಳಗಿನ ಸ್ವರ ಒತ್ತಿ, ತಿದಿಯ ಉಸಿರು, ಮರದ ಕಿರಕಿರ ಎಲ್ಲ ಸೇರಿಸಿ ಹತ್ತಿರದಿಂದ ಹಿಡಿದು, ಸ್ವಲ್ಪ ಡಿಸ್ಟಾರ್ಷನ್ ಕೊಟ್ಟರೆ ನೂರು ಪಿಟೀಲು ಬೇಕಿಲ್ಲ.

ಬಿಗಿ ಏರುತ್ತಲೇ ಇರಬೇಕಾದರೆ ಶೆಪರ್ಡ್ ಸ್ವರವೂ ಇದೆ, 2017ರ 'ಡನ್‌ಕರ್ಕ್' ಚಿತ್ರದಲ್ಲಿ ಹ್ಯಾನ್ಸ್ ಜಿಮ್ಮರ್ ಬಳಸಿದ್ದು. ಆಕ್ಟೇವ್ ಅಂತರದ ಹಲವು ಸ್ವರ ಒಟ್ಟಿಗೆ ಏರುತ್ತವೆ, ಮೇಲಿನದು ಮಾಯವಾಗುತ್ತಾ ಕೆಳಗಿಂದ ಹೊಸದು ಸೇರುತ್ತದೆ. ಎಂದೂ ಮುಗಿಯದ ಏರಿಕೆ. ಏಣಿ ಹತ್ತುವ ಶಾಟ್‌ಗಳಿಗೆ 40 ಸೆಕೆಂಡ್, ಅದಕ್ಕಿಂತ ಹೆಚ್ಚು ಬೇಡ, ಗುಟ್ಟು ಗೊತ್ತಾಗಿಬಿಡುತ್ತದೆ.


ಮಿಕ್ಸಿಂಗ್ ಮೇಜು · ದಾವಣಗೆರೆ

ಹಾರ್ಮೋನಿಯಂ ಮಾತು ಒಪ್ದೆ. ನಾ ಹೇಳಿದ ತೆಳ್ಳನೆ ಶ್ರುತಿ ಅದೇ ಆಗ್ಲಿ. ಆದ್ರ ಕಿಂಡಿಯೊಳಗ ಬ್ಯಾಡ.


ಪ್ರೊಜೆಕ್ಷನ್ ರೂಮು · ದಾವಣಗೆರೆ

ಥಿಯೇಟರ್ ವಿಷಯ ಯಾರೂ ಎತ್ತಿಲ್ಲ. ಮಿಕ್ಸಿಂಗ್ ಕೋಣೆ ಪರದೆಯ ಪ್ರತಿ ಚಾನಲ್‌ಗೆ 85 ಡೆಸಿಬಲ್ ಲೆಕ್ಕಕ್ಕೆ ಹೊಂದಿಸಿರುತ್ತೆ, ಡಾಲ್ಬಿ ಪ್ರೊಸೆಸರಿನಲ್ಲಿ ಅದು ಫೇಡರ್ 7. ಆದರೆ ಜನ ಜೋರಾಯ್ತು ಅಂದಾಗ ಬಹಳ ಥಿಯೇಟರ್‌ಗಳಲ್ಲಿ 5ಕ್ಕೆ ಇಳಿಸಿಬಿಡ್ತಾರೆ. 7ರಿಂದ 5 ಅಂದರೆ ಸುಮಾರು 6.7 ಡೆಸಿಬಲ್ ಕಡಿಮೆ. ನಿಮ್ಮ ಫಿರಂಗಿ ಉಳಿಯುತ್ತೆ, ಓಬವ್ವನ ಉಸಿರು ಫ್ಯಾನಿನ ಸದ್ದಲ್ಲಿ ಮುಳುಗುತ್ತೆ. ಪ್ರದರ್ಶನಕ್ಕೆ ಮುಂಚೆ ಕಿಂಡಿ ದೃಶ್ಯವನ್ನೇ ಹಾಕಿ, ಕೊನೆ ಸಾಲಿನಲ್ಲಿ ಕೂತು ಫೇಡರ್ ಹೊಂದಿಸಿ. ಫಿರಂಗಿ ಹಾಕಿ ಹೊಂದಿಸಿದರೆ ಖಂಡಿತ ಇಳಿಸ್ತಾರೆ.

ಎಲ್‌ಎಫ್‌ಇ ಚಾನಲ್‌ಗೆ (ಸಬ್‌ವೂಫರಿಗೆ ಹೋಗೋ ಕೆಳ ಸ್ವರದ ಚಾನಲ್) ಡೊಳ್ಳು ಕಳಿಸಬೇಡಿ. 6 ನಿಮಿಷವೂ ಸಬ್‌ವೂಫರ್ ಗುಡುಗುತ್ತಿದ್ದರೆ ಎರಡನೇ ನಿಮಿಷಕ್ಕೆ ಮೈ ಅದನ್ನ ಮರೆಯುತ್ತೆ. ಹತ್ತು ಹನ್ನೆರಡು ಫಿರಂಗಿ ಏಟಿಗೆ, ಬಾಗಿಲು ಬೀಳೋದಕ್ಕೆ ಮೀಸಲಿಡಿ. ಮಾತು ಸೆಂಟರ್‌ನಲ್ಲೇ ಇರಲಿ, ಸಂಗೀತವನ್ನ ಎಡ ಬಲಕ್ಕೂ ಸರೌಂಡಿಗೂ ಸರಿಸಿ.

ಯೂಟ್ಯೂಬ್‌ಗೆ ಬೇರೆ ಮಿಕ್ಸ್ ಬೇಕೇ ಬೇಕು. ಅಲ್ಲಿ ಜೋರು ಮಿಕ್ಸನ್ನ ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಜೋರಿನ ಅಳತೆ) ಸುತ್ತಮುತ್ತಕ್ಕೆ ತಾವೇ ಇಳಿಸ್ತಾರೆ. ಫೋನಿನ ಸ್ಪೀಕರಿನಲ್ಲಿ 60 ಹರ್ಟ್ಜ್ ಬರೋದೇ ಇಲ್ಲ. ಫಿರಂಗಿಗೆ ಸ್ಯಾಚುರೇಷನ್ (ಮೇಲಿನ ಸ್ವರ ಹುಟ್ಟಿಸೋ ಸಣ್ಣ ಒರಟು) ಕೊಟ್ಟು 120, 180, 240 ಹರ್ಟ್ಜ್‌ನಲ್ಲಿ ಅದರ ನೆರಳು ಮೂಡಿಸಿ. ಕಿವಿ ಕೆಳಗಿನದನ್ನ ತಾನೇ ಊಹಿಸಿಕೊಳ್ಳುತ್ತೆ.


ಏಳುಸುತ್ತು · ಚಿತ್ರದುರ್ಗ

ತುಂಬ ಸಿಕ್ಕಿತು. ಆರ್ಕೆಸ್ಟ್ರಾ ತೆಗೆದಾಯಿತು. ಕಹಳೆಯ ಮೂರನೇ ಮೌನಕ್ಕಾಗಿ ಮೊದಲ ಐದು ನಿಮಿಷದ ಸದ್ದನ್ನು ಮತ್ತೆ ಕಟ್ಟಬೇಕು. ಉಳಿದದ್ದು ಒಂದೇ: ಸಾವಿರಾರು ಜನರ ಕೂಗು. ಕೈಯಲ್ಲಿರುವುದು 12 ಜನ. ಮತ್ತೆ, ನೂರು ಕತ್ತಿಗೂ ಸಿಂಕ್ ಹಾಕಬೇಕಾ?


ಒನಕೆ ಫೋಲಿ · ಹೊಳಲ್ಕೆರೆ

ಸಿಂಕ್ ಬಗ್ಗೆ ಹಾಲಿವುಡ್‌ನ ಸದ್ದು ವಿನ್ಯಾಸಕ ವಾಲ್ಟರ್ ಮರ್ಚ್ ಅವರ ಎರಡೂವರೆ ನಿಯಮ ಇದೆ. ಒಬ್ಬರ, ಇಬ್ಬರ ಹೆಜ್ಜೆಗೆ ಸಿಂಕ್ ಬೇಕು, ಮೂರನೆಯವರು ಬಂದರೆ ಅದು ಗುಂಪು, ಲೆಕ್ಕ ಇಡುವವರಿಲ್ಲ. ಕತ್ತಿಗೂ ಅದೇ. ಮುಂದೆ ಕಾಣುವ ಇಬ್ಬರಿಗೆ ಫ್ರೇಮ್ ತಪ್ಪದಂತೆ ಹಾಕಿ, ಹಿಂದಿನದು ಒಂದು ಹಾಸು. ಹಾಸಿಗೆ ಟ್ರ್ಯಾಕ್ಟರಿನ ಹಳೆಯ ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನು ದಾರದಲ್ಲಿ ತೂಗುಹಾಕಿ ಬಡಿದದ್ದು ಚೆನ್ನಾಗಿ ಕೂರುತ್ತದೆ.

12 ಜನ ಸಾಕು. ಬಯಲಲ್ಲಿ ತೆಗೆಯಿರಿ, ಕೋಣೆಯಲ್ಲಿ ಅಲ್ಲ. ಮೈಕಿನಿಂದ 5, 15, 40 ಮೀಟರ್, ಪ್ರತಿ ದೂರಕ್ಕೂ ನಾಲ್ಕು ಸಲ, ಪ್ರತಿ ಸಲ ಜಾಗ ಬದಲಿಸಿ, ದನಿ ಬದಲಿಸಿ. ಎಲ್ಲರೂ 'ಹರಹರ ಮಹಾದೇವ' ಅಂತ ಒಟ್ಟಿಗೆ ಕೂಗಿದ್ದು ಒಂದೇ ಟೇಕ್ ಇರಲಿ. ಉಳಿದದ್ದರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಮಾತು ಕೊಡಿ: ನೀರು ಕೇಳುವುದು, ಹೆಸರು ಹಿಡಿದು ಕರೆಯುವುದು, ಏಣಿ ತಳ್ಳಿರೋ ಅನ್ನುವುದು. ನಮ್ಮ ಸೀಮೆಯ ಮಾತಲ್ಲೇ ಇರಲಿ. ಬರೀ 'ಓ' 'ಆ' ಎಂದು ಕೂಗಿಸಿದರೆ ಕ್ರಿಕೆಟ್ ಮೈದಾನ ಆಗುತ್ತದೆ.

ಇನ್ನೊಂದು. ಕರಿಮದ್ದು ದಟ್ಟ ಹೊಗೆ ಕಾರುತ್ತದೆ, ಎರಡು ಸರದಿ ಹಾರಿದ ಮೇಲೆ ಬುರುಜಿನಲ್ಲಿ ಯಾರಿಗೂ ಕಣ್ಣು ಕಾಣುವುದಿಲ್ಲ. ಗುಂಡುಗಳ ನಡುವಿನ ಬಿಡುವಿಗೆ ಬೇಕಾಗುವುದು ಕೆಮ್ಮು. ಐದಾರು ಬಗೆ ತೆಗೆದಿಟ್ಟುಕೊಳ್ಳಿ, ಹತ್ತಿರದ್ದು, ದೂರದ್ದು, ಬಾಯಿಗೆ ಬಟ್ಟೆ ಹಿಡಿದದ್ದು.